ಬೆನ್ನು ಬಲ್ಲ ಕುರ್ಚಿ

ಮಗನ ಮನೆಯ ಸೋಫಾದಲ್ಲಿ ಕೂತರೆ ಏಳುವುದಕ್ಕೆ ಇನ್ನೊಬ್ಬರ ಕೈ ಬೇಕು. ಇಂಗ್ಲೆಂಡಿಗೆ ಬಂದ ಹೊಸತರಲ್ಲೇ ನನ್ನ ಸೊಂಟ ಅದರ ಮೇಲೆ ತಕರಾರು ತೆಗೆಯಿತು. ಸೊಸೆ ಎಲ್ಲಿಂದಲೋ ಒಂದು ಹಳೆಯ ಮರದ ಕುರ್ಚಿ ಹೊತ್ತು ತಂದಳು. ಕಮಾನಾಗಿ ಬಾಗಿದ ಬೆನ್ನು, ಅದರೊಳಗೆ ಸಾಲುಗಡ್ಡಿಗಳು. ಕೆತ್ತನೆ ಇಲ್ಲ, ಮೆತ್ತೆ ಇಲ್ಲ. "ಮಾವ, ಇದರಲ್ಲಿ ಕೂತು ನೋಡಿ" ಎಂದಳು. ಅವತ್ತಿನಿಂದ ಕಾಫಿ, ಪುಸ್ತಕ, ತೂಕಡಿಕೆ ಎಲ್ಲಾ ಅದರಲ್ಲೇ. ವಿಂಡ್ಸರ್ ಕುರ್ಚಿ ಅಂತೆ.

ಇಂಗ್ಲಿಷರ ಕುರ್ಚಿ ಎಂದರೆ ನನಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಚಿಪೆಂಡೇಲ್ ಒಂದೇ. ಅಜ್ಜನ ಮನೆಯ ಹಜಾರದಲ್ಲಿ ಬೀಟೆ ಮರದ ಕುರ್ಚಿಯೊಂದಿತ್ತು. ಅದರ ಕಾಲಿನ ತುದಿಯಲ್ಲಿ ಪಂಜವೊಂದು ಚೆಂಡನ್ನು ಅದುಮಿ ಹಿಡಿದಿತ್ತು. ಬಂದವರಿಗೆಲ್ಲ ಅಜ್ಜ "ಇದು ಚಿಪೆಂಡೇಲ್ ಮಾದರಿ" ಎಂದು ಪರಿಚಯ ಮಾಡಿಸದೆ ಕೂರಿಸುತ್ತಿರಲಿಲ್ಲ. ಥಾಮಸ್ ಚಿಪೆಂಡೇಲ್ 1718ರಲ್ಲಿ ಯಾರ್ಕ್‌ಶೈರಿನ ಓಟ್ಲಿಯ ಬಡಗಿ ಮನೆತನದಲ್ಲಿ ಹುಟ್ಟಿದವನು. ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಲೇನಿನಲ್ಲಿ ಅಂಗಡಿ ಹೂಡಿ, 1754ರಲ್ಲಿ 160 ಚಿತ್ರಫಲಕಗಳ ವಿನ್ಯಾಸದ ಪುಸ್ತಕ ಹೊರತಂದ. ಶ್ರೀಮಂತರೂ ಕೊಂಡರು, ಬಡಗಿಗಳೂ ಕೊಂಡರು. ತಮಾಷೆಯೆಂದರೆ, ಆ ಪುಸ್ತಕದಲ್ಲಿ ಪಂಜ-ಚೆಂಡಿನ ಕಾಲು ಒಂದೂ ಇಲ್ಲ! ಅಜ್ಜ ಬದುಕಿದ್ದಿದ್ದರೂ ಅವರಿಗೆ ಇದನ್ನು ಹೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ. ಹೆಪ್ಪಲ್‌ವೈಟ್ ಎಂಬ ಮತ್ತೊಬ್ಬ ಇಂಗ್ಲಿಷ್ ಬಡಗಿಯ ಕಥೆ ಇನ್ನೂ ವಿಚಿತ್ರ. ಅವನ ಪುಸ್ತಕವನ್ನು ಅವನು ತೀರಿಕೊಂಡ ಮೇಲೆ, 1788ರಲ್ಲಿ, ಹೆಂಡತಿ ಆಲಿಸ್ ಪ್ರಕಟಿಸಿದಳು. ಅವನ ಕೈಯದೇ ಎಂದು ಖಾತ್ರಿಯಾಗಿ ತೋರಿಸುವ ಒಂದು ಕುರ್ಚಿಯೂ ಸಿಕ್ಕಿಲ್ಲ. ಹೆಸರು ಉಳಿಯಬೇಕಾದರೆ ಉಳಿಗಿಂತ ಅಚ್ಚುಮೊಳೆಯೇ ಗಟ್ಟಿ. ಇವರೆಲ್ಲ ಮೆಚ್ಚಿದ ಮಹಾಗನಿ ಬಂದದ್ದು ಕೆರಿಬಿಯನ್ ದ್ವೀಪಗಳಿಂದ. ಅದನ್ನು ಕಡಿದು ಎಳೆದ ಗುಲಾಮರ ಹೆಸರು ಯಾವ ಫಲಕದಲ್ಲೂ ಇಲ್ಲ.

ನನ್ನ ವಿಂಡ್ಸರ್ ಕುರ್ಚಿಯ ಮರ ಮಾತ್ರ ಇಂಗ್ಲೆಂಡಿನದೇ. ಬಕಿಂಗ್‌ಹ್ಯಾಮ್‌ಶೈರಿನ ಹೈ ವಿಕಂಬ್ ಪಟ್ಟಣದ ಸುತ್ತ ಚಿಲ್ಟರ್ನ್ ಗುಡ್ಡಗಳಲ್ಲಿ ಬೀಚ್ ಮರಗಳ ಕಾಡಿದೆ. ಬಾಡ್ಜರ್ ಎಂಬ ಕಸುಬಿನವರು ಆ ಕಾಡಿನೊಳಗೇ ಗುಡಿಸಲು ಹಾಕಿ, ಮರ ಹಸಿಯಿರುವಾಗಲೇ ಸೀಳಿ, ಕುರ್ಚಿಯ ಕಾಲುಗಳನ್ನು ಕಡೆಯುತ್ತಿದ್ದರು. ಅವರ ಲೇಥು ನೋಡಬೇಕು: ತಲೆಯ ಮೇಲೆ ಬಳುಕುವ ಒಂದು ಗಳು, ಅದರ ತುದಿಯಿಂದ ಇಳಿದು ಮರದ ತುಂಡಿಗೆ ಸುತ್ತಿದ ಹಗ್ಗ, ಕೆಳಗೆ ತುಳಿಯುವ ಹಲಗೆ. ತುಳಿದರೆ ತುಂಡು ಮುಂದಕ್ಕೆ ತಿರುಗುತ್ತದೆ, ಉಳಿ ಹೆರೆಯುತ್ತದೆ. ಕಾಲು ಸಡಿಲಿಸಿದರೆ ಗಳು ಹಗ್ಗವನ್ನು ಸೆಳೆದುಕೊಂಡು ತುಂಡು ಹಿಂದಕ್ಕೆ ತಿರುಗುತ್ತದೆ, ಉಳಿಗೆ ಅಷ್ಟು ಹೊತ್ತು ಬಿಡುವು. ನಮ್ಮಮ್ಮ ಕಂಬದ ಪಕ್ಕ ಕೂತು ಕಡೆಗೋಲಿಗೆ ಹಗ್ಗ ಸುತ್ತಿ ಮಜ್ಜಿಗೆ ಕಡೆಯುತ್ತಿದ್ದದ್ದೂ ಹೀಗೆಯೇ. ಬಾಡ್ಜರ್‌ಗಳ ಒಂದು ಗ್ರೋಸ್ ಎಂದರೆ 144 ಕಾಲು, ಜೊತೆಗೆ 108 ಅಡ್ಡಗೋಲು. 36 ಕುರ್ಚಿಗೆ ಸರಿಹೋಗುವ ಲೆಕ್ಕ.

ಇಡೀ ಕುರ್ಚಿ ಮಾತ್ರ ಅವರ ಕೈಯಲ್ಲಿ ಆಗುತ್ತಿರಲಿಲ್ಲ. ಕಾಲುಗಳು ಒಣಗಿ ಪಟ್ಟಣಕ್ಕೆ ಹೋದರೆ ಅಲ್ಲಿ ಕೂರುವ ಹಲಗೆ ಮಾಡುವವನೇ ಬೇರೆ. ಅದಕ್ಕೆ ಎಲ್ಮ್ ಮರವೇ ಆಗಬೇಕು. ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅಂಚಿನಲ್ಲಿ ತೂತು ಕೊರೆದರೂ ಸೀಳುವುದಿಲ್ಲ. ಹಲಗೆಯನ್ನು ಕಾಲಲ್ಲಿ ಮೆಟ್ಟಿ ನಿಂತು, ಎರಡು ಪಾದಗಳ ನಡುವೆ ಬಾಚಿ ಬೀಸಿ, ಕುಂಡೆಗೆ ಒಪ್ಪುವ ಕುಳಿ ತೆಗೆಯುತ್ತಿದ್ದರು. ಸ್ವಲ್ಪ ಗುರಿ ತಪ್ಪಿದರೆ ಹೆಬ್ಬೆರಳು ಹೋಯಿತು. ಕಮಾನನ್ನು ಹಬೆಯಲ್ಲಿ ಬಾಗಿಸುವವನು ಮತ್ತೊಬ್ಬ, ಜೋಡಿಸುವವನು ಇನ್ನೊಬ್ಬ. 1870ರ ದಶಕದಲ್ಲಿ ಆ ಒಂದೇ ಊರು ದಿನಕ್ಕೆ 4,700ರಷ್ಟು ಕುರ್ಚಿ ಹೊರಹಾಕುತ್ತಿತ್ತು. 1877ರಲ್ಲಿ ವಿಕ್ಟೋರಿಯಾ ರಾಣಿ ಬಂದಾಗ ರಸ್ತೆಗೆ ಅಡ್ಡಲಾಗಿ ಕುರ್ಚಿಗಳದ್ದೇ ಕಮಾನು ಕಟ್ಟಿದ್ದರು.

ಯಂತ್ರ ಬಂತು, ಕಾಡಿನ ಗುಡಿಸಲುಗಳು ಖಾಲಿಯಾದವು. 1970ರ ದಶಕದಲ್ಲಿ ರೋಗ ತಗುಲಿ ಇಂಗ್ಲೆಂಡಿನ ಎಲ್ಮ್ ಮರಗಳು ಲಕ್ಷಗಟ್ಟಲೆ ಸತ್ತವು. ಹಾಗಾಗಿ ಹಳೆಯ ಎಲ್ಮ್ ಹಲಗೆಯ ಕುರ್ಚಿ ಕಣ್ಣಿಗೆ ಬಿದ್ದರೆ ಬಿಡಬೇಡಿ. ಕೊಳ್ಳುವ ಮೊದಲು ತಲೆಕೆಳಗು ಮಾಡಿ, ಕಾಲುಗಳ ನಡುವಿನ ಅಡ್ಡಗೋಲನ್ನು ಹಿಡಿದು ಅಲ್ಲಾಡಿಸಿ ನೋಡಿ. ಕದಲದಿದ್ದರೆ ಕಣ್ಣುಮುಚ್ಚಿ ದುಡ್ಡು ಕೊಡಿ.