ಹೋಗದ ದಿನದ ಫೀಸು

ಡಾಕ್ಟರರನ್ನು ನೋಡಿದ ಮೇಲೆ ಫೀಸು ಕೊಡುವುದು ನಮಗೆಲ್ಲ ಗೊತ್ತಿರುವ ಪದ್ಧತಿ. ಈಗ ನೋಡದಿದ್ದರೂ ಫೀಸು ಹೋಗುತ್ತದೆ. ನಗರದ ಕೆಲವು ಆಸ್ಪತ್ರೆಗಳಲ್ಲಿ ಆ್ಯಪ್ ಮೂಲಕ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹಣ ಕಟ್ಟಬೇಕು. ಹೇಳಿದ ಹೊತ್ತಿಗೆ ತಲುಪದಿದ್ದರೆ ಆ ಹಣ ವಾಪಸ್ ಬರುವುದಿಲ್ಲ. ಅದನ್ನು ಯಾರೂ ದಂಡ ಎಂದು ಕರೆಯುವುದಿಲ್ಲ. ಆದರೆ ಕೊಡುವವರಿಗೆ ಅದು ದಂಡವೇ.

ಕಳೆದ ಮಳೆಗಾಲದಲ್ಲಿ ಅಜ್ಜಿಯ ಕಣ್ಣು ತೋರಿಸಲು ಹೀಗೆ 500 ರೂಪಾಯಿ ಕಟ್ಟಿದ್ದೆವು. ಆ ದಿನ ರಸ್ತೆಗೆ ಮರ ಬಿದ್ದು ಬಸ್ಸು ಎರಡು ಗಂಟೆ ನಿಂತಿತು. ಉಮ್ಮ ಬಸ್ಸಿನಿಂದಲೇ ಮೂರು ಸಲ ಫೋನ್ ಮಾಡಿದರು, ಯಾರೂ ಎತ್ತಲಿಲ್ಲ. ತಲುಪಿದಾಗ ಕೌಂಟರಿನಲ್ಲಿ, "ನಿಮ್ಮ ಟೋಕನ್ ಕ್ಯಾನ್ಸಲ್ ಆಗಿದೆ, ಹೊಸದಾಗಿ ಫೀಸು ಕಟ್ಟಿ" ಎಂದರು. ಉಮ್ಮ ಬೀಡಿ ಕಟ್ಟುತ್ತಾರೆ. ಸಾವಿರ ಬೀಡಿ ಕಟ್ಟಿದರೂ 500 ರೂಪಾಯಿ ಸಿಗುವುದಿಲ್ಲ. ಮುಂದಿನ ವಾರ ನಾವು ಸಮಯಕ್ಕೆ ಸರಿಯಾಗಿ ಹತ್ತು ಗಂಟೆಗೆ ಹೋದೆವು. ಡಾಕ್ಟರ್ ಬಂದದ್ದು ಒಂದು ಗಂಟೆಗೆ. ನಮ್ಮ ಆ ಮೂರು ಗಂಟೆಗೆ ಯಾವ ಲೆಕ್ಕವೂ ಇರಲಿಲ್ಲ.

ಹಾಗೆಂದು ವೈದ್ಯರ ಕಷ್ಟವನ್ನು ಅಲ್ಲಗಳೆಯಲಾರೆ. ಹೆಸರು ಬರೆಸಿದವರು ಬಾರದಿದ್ದರೆ ಆ ಹೊತ್ತು ಖಾಲಿ ಹೋಗುತ್ತದೆ. ಅದೇ ಹೊತ್ತಿಗೆ ಬರಬಹುದಾಗಿದ್ದ ಇನ್ನೊಬ್ಬ ರೋಗಿಗೆ "ಇವತ್ತು ಜಾಗವಿಲ್ಲ" ಎಂದು ಹೇಳಿ ಕಳಿಸಿರುತ್ತಾರೆ. ಹಾಗಾಗಿ ಬಾರದವರಿಂದ ಸ್ವಲ್ಪ ಹಣ ತೆಗೆದುಕೊಳ್ಳುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಎಷ್ಟು, ಯಾವಾಗ, ಯಾರಿಂದ ಎಂಬುದನ್ನು ಒಂದೇ ಕಡೆಯವರು ತೀರ್ಮಾನಿಸಬಾರದು ಎನ್ನುವುದಷ್ಟೇ ನನ್ನ ಮಾತು.

ಬೇರೆ ದೇಶಗಳಲ್ಲೂ ಈ ಚರ್ಚೆ ನಡೆದಿದೆ. 2022ರಲ್ಲಿ ಬ್ರಿಟನ್ನಿನಲ್ಲಿ ರಿಷಿ ಸುನಕ್ ಅಪಾಯಿಂಟ್‌ಮೆಂಟ್ ತಪ್ಪಿಸಿದವರಿಗೆ 10 ಪೌಂಡ್ ದಂಡ ಹಾಕಬೇಕೆಂದರು. ಅಲ್ಲಿನ ವೈದ್ಯರ ಸಂಘವೇ ಅದನ್ನು ವಿರೋಧಿಸಿತು. ಪ್ರಧಾನಿಯಾದ ಮೇಲೆ ಅವರು ಆ ಯೋಜನೆಯನ್ನು ಕೈಬಿಟ್ಟರು. ಫ್ರಾನ್ಸಿನಲ್ಲಿ 2024ರಲ್ಲಿ ಅಂದಿನ ಪ್ರಧಾನಿ ಗೇಬ್ರಿಯಲ್ ಅತ್ತಾಲ್, 24 ಗಂಟೆ ಮೊದಲು ತಿಳಿಸದೆ ತಪ್ಪಿಸಿಕೊಂಡವರಿಂದ 5 ಯೂರೋ ಪಡೆಯುವ ಪ್ರಸ್ತಾಪ ತಂದರು. ಅಲ್ಲಿ ಮೊದಲು ಜನರ ಮುಂದೆ ಚರ್ಚೆಯಾಯಿತು. ನಮ್ಮಲ್ಲಿ ಚರ್ಚೆಯೇ ಇಲ್ಲದೆ, ಆ್ಯಪ್‌ನ ಸಣ್ಣಕ್ಷರದ ಷರತ್ತುಗಳೊಳಗೆ ದಂಡ ಬಂದು ಕುಳಿತಿದೆ. ಆ ಷರತ್ತುಗಳೂ ಇಂಗ್ಲಿಷಿನಲ್ಲಿ.

ಸೆಕೆಂಡ್ ಪಿಯುಸಿ ವಾಣಿಜ್ಯ ವಿಭಾಗದವರು ಗ್ರಾಹಕ ಸಂರಕ್ಷಣೆಯ ಪಾಠ ಓದುತ್ತೇವೆ. ಪರೀಕ್ಷೆ ಮುಗಿದ ಮೇಲೂ ಅದು ಉಪಯೋಗಕ್ಕೆ ಬರುತ್ತದೆ. ಹಣ ಕೊಟ್ಟು ಪಡೆಯುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದ ನಷ್ಟಕ್ಕೆ ಹೋಲಿಸಿದರೆ ತೀರಾ ಹೆಚ್ಚಾದ ದಂಡ ವಿಧಿಸುವ ಒಪ್ಪಂದವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಒಪ್ಪಂದ ಎನ್ನುತ್ತದೆ. ನಮ್ಮ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆಸ್ಪತ್ರೆಗಳು ತಮ್ಮ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯೂ ಇದೆ.

ಇದರ ಜೊತೆಗೆ ಕೆಲವು ಸ್ಪಷ್ಟ ನಿಯಮಗಳು ಬೇಕು. ತಪ್ಪಿದರೆ ಎಷ್ಟು ಹಣ ಹೋಗುತ್ತದೆಂದು ಕಟ್ಟುವ ಮೊದಲೇ ಕನ್ನಡದಲ್ಲಿ ತಿಳಿಸಬೇಕು. ಹಿಂದಿನ ದಿನ ಕ್ಯಾನ್ಸಲ್ ಮಾಡಿದರೆ ಪೂರ್ತಿ ಹಣ ಹಿಂದಿರುಗಿಸಬೇಕು. ಆ ಜಾಗಕ್ಕೆ ಬೇರೆ ರೋಗಿ ಬಂದರೆ ನಷ್ಟವೇ ಆಗಿಲ್ಲ, ಆಗ ದಂಡವೂ ಬೇಡ. ಅಪಘಾತ, ಸಾವು, ಮಳೆ, ಬಂದ್ ಇಂಥ ಕಾರಣಗಳಿಗೆ ವಿನಾಯಿತಿ ಇರಬೇಕು. ಬಾಕಿಯ ನೆಪ ಹೇಳಿ ಮುಂದಿನ ಚಿಕಿತ್ಸೆ ನಿರಾಕರಿಸಬಾರದು. ಡಾಕ್ಟರ್ ಬಾರದ ದಿನ ರೋಗಿ ಕೇಳದೆಯೇ ಹಣ ವಾಪಸ್ ಆಗಬೇಕು.

ಕೊಟ್ಟ ಮಾತಿಗೆ ತಪ್ಪಬಾರದೆಂದು ಮದರಸದಲ್ಲಿ ಚಿಕ್ಕಂದಿನಲ್ಲೇ ಕಲಿಸುತ್ತಾರೆ. ಅಪಾಯಿಂಟ್‌ಮೆಂಟ್ ಕೂಡ ಒಂದು ಮಾತೇ. ಹೋಗಲಾಗದಿದ್ದರೆ ಮೊದಲೇ ತಿಳಿಸುವುದು ನಮ್ಮ ಕರ್ತವ್ಯ. ಫೋನ್ ಎತ್ತುವುದು ಆಸ್ಪತ್ರೆಯ ಕರ್ತವ್ಯ.

ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಆ್ಯಪ್ ಬಳಸಿ ಸಮಯ ಗೊತ್ತು ಮಾಡುವವರು ನಾವೇ. ಇನ್ನು ಮುಂದೆ ಹಣ ಕಟ್ಟುವ ಮೊದಲು ಕ್ಯಾನ್ಸಲ್ ಮಾಡುವ ಷರತ್ತನ್ನು ಓದಿ, ಮನೆಯವರಿಗೆ ವಿವರಿಸಿ, ರಶೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳೋಣ. ಅನ್ಯಾಯ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.