ನಾಲ್ಕಡಿ ಗಾಜಿನೊಳಗೆ ಗಡಿ ತಂಟೆ

ಮೀನು ಸಾಕಿದ್ರೆ ಮನಸ್ಸಿಗೆ ಶಾಂತಿ, ಬೀಪಿ ಇಳಿಯುತ್ತೆ ಅಂತ ಹೇಳೋರು ಬಹುಶಃ ಗೋಲ್ಡ್ ಫಿಶ್ ಸಾಕಿದವರಿರಬೇಕು. ನಮ್ಮ ಮನೆಯಲ್ಲಿರೋದು ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳು. ಇವನ್ನ ನೋಡ್ತಾ ಕೂತರೆ ನೆನಪಾಗೋದು ಊರ ಕಡೆಯ ಬದು ಒತ್ತುವರಿ ಜಗಳ!

ಕಳೆದ ವರ್ಷ ಇಲ್ಲಿ ನ್ಯೂಜೆರ್ಸಿಯಿಂದ ಟೆಕ್ಸಾಸ್‌ಗೆ ಹೊರಟ ಸ್ನೇಹಿತರೊಬ್ಬರು 55 ಗ್ಯಾಲನ್ನಿನ, ಅಂದ್ರೆ ಸುಮಾರು 208 ಲೀಟರಿನ ಟ್ಯಾಂಕನ್ನ ಮೀನುಗಳ ಸಮೇತ ನಮಗೆ ದಾಟಿಸಿ ಹೋದರು. ಅದರಲ್ಲೊಬ್ಬ ಗಂಡು 'ಆರಾಟಸ್'. ಕಪ್ಪು ಮೈ, ತಿಳಿ ಪಟ್ಟೆ, ಬೆರಳುದ್ದ ಅಷ್ಟೇ. ಎರಡೇ ವಾರದಲ್ಲಿ ಅರ್ಧ ಟ್ಯಾಂಕು ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡ. ಹಳದಿ ಮೀನೊಂದು ಬಾಲ ಹರಿಸಿಕೊಂಡು ಹೀಟರಿನ ಹಿಂದೆ ಅಲುಗಾಡದೆ ನಿಂತಿತ್ತು. ಊಟ ಹಾಕಿದ್ರೂ ಕೆಳಗಿಳೀತಿರಲಿಲ್ಲ. "ಅಪ್ಪಾ, ಇದು ಸತ್ತೋಗುತ್ತಾ?" ಅಂದಳು ಎಂಟು ವರ್ಷದ ಮಗಳು. ಹಾಗೇ ಬಿಟ್ಟಿದ್ರೆ ಖಂಡಿತ ಸಾಯ್ತಿತ್ತು.

ಇವುಗಳ ಸ್ವಭಾವಕ್ಕೆ ಕಾರಣ ಇದೆ. ಮಲಾವಿಯ ಕಲ್ಲುಬಂಡೆಗಳಲ್ಲಿ ಬದುಕೋ ಈ ಗುಂಪಿಗೆ 'ಎಂಬೂನಾ' ಅಂತ ಹೆಸರು. ಬಂಡೆಯ ಮೇಲಿನ ಪಾಚಿಯೇ ಊಟ, ಸಂದಿಯೇ ಮನೆ, ಹೆಣ್ಣನ್ನ ಕರೆಯೋದೂ ಅಲ್ಲಿಗೇ. ಜಾಗ ಹೋದ್ರೆ ಎಲ್ಲ ಹೋದಂಗೆ. ಆದ್ರೆ ಸರೋವರದಲ್ಲಿ ಸೋತವನು ನಾಲ್ಕು ಮಾರು ಓಡಿದ್ರೆ ಜಗಳ ಮುಗೀತು. ಟ್ಯಾಂಕಲ್ಲಿ ಓಡೋದೆಲ್ಲಿಗೆ? ನಾಲ್ಕಡಿಗೆ ಗಾಜು ಅಡ್ಡ. ಸೋತು ಓಡಿದವನು ಇನ್ನೂ ಕಣ್ಣಿಗೆ ಬೀಳ್ತಾನೇ ಇರ್ತಾನೆ, ಗೆದ್ದವನು ಇನ್ನೂ ಹೊಡೀತಾನೇ ಇರ್ತಾನೆ.

ಹೀಗಾಗಿ ಮೊದಲ ಕೆಲಸ ಕಣ್ಣಿಗೆ ಅಡ್ಡ ಕಟ್ಟೋದು. ಕಲ್ಲುಗಳನ್ನ ಕೆಳಗಿನ ಗಾಜಿನ ಮೇಲೇ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿದೆವು. ಮರಳ ಮೇಲೆ ಕಲ್ಲಿಟ್ರೆ ಇವು ತೋಡಿ ತೋಡಿ ಬೀಳಿಸ್ತವೆ. ಪ್ರತಿ ಗುಹೆಗೂ ಎರಡು ಬಾಗಿಲು. ಒಂದೇ ಬಾಗಿಲಿನ ಗುಹೆ ಅಂದ್ರೆ ಸೋತವನಿಗೆ ಬೋನು.

ಎರಡನೇದು, ಯಾರನ್ನ ಬೇರೆ ಇಡಬೇಕು ಅನ್ನೋದು. ಏಟು ತಿಂದ ಹಳದಿಯನ್ನೇ ಎತ್ತಿಡೋಣ ಅಂದಳು ನನ್ನಾಕೆ. ಕರುಣೆಯೇನೋ ಸರಿ. ಆದ್ರೆ ಹಳದಿಯನ್ನ ತೆಗೆದ್ರೆ ರೌಡಿಯ ರಾಜ್ಯ ಹಾಗೇ ಉಳಿಯುತ್ತೆ, ನಾಳೆ ಅವನು ಇನ್ನೊಬ್ಬನನ್ನ ಹಿಡೀತಾನೆ. ಹಳದಿ ಹುಷಾರಾಗಿ ವಾಪಸ್ ಬಂದ ದಿನ ಅದೇ ಅತಿಕ್ರಮಣಕಾರ! ಹಾಗಾಗಿ ಎತ್ತಿಟ್ಟಿದ್ದು ಆರಾಟಸ್ಸನ್ನ, ಬೇರೆ ಸಣ್ಣ ಟ್ಯಾಂಕಿಗೆ, ಹತ್ತು ದಿನ. ಅಷ್ಟರಲ್ಲಿ ಇಲ್ಲಿ ಕಲ್ಲೆಲ್ಲ ಜಾಗ ಬದಲಾಯಿಸಿ, ದೀಪ ಆರಿಸಿದ ಮೇಲೆ ಅವನನ್ನ ಬಿಟ್ಟೆವು. ಬೆಳಿಗ್ಗೆ ನೋಡಿದ್ರೆ ಹಳೇ ಗಡಿಗಳೇ ಇಲ್ಲ, ಅವನೇ ಹೊಸಬ. ಹಳದಿ ಆಗಲೇ ಒಂದು ಗುಹೆ ಹಿಡಿದು ಕೂತಿತ್ತು. (ಗಾಯ ತೀರಾ ದೊಡ್ಡದಿದ್ರೆ ಏಟು ತಿಂದದ್ದಕ್ಕೂ ಬೇರೆ ಟ್ಯಾಂಕ್ ಬೇಕೇ ಬೇಕು.)

ಮೂರನೇದು ಕೇಳೋಕೆ ವಿಚಿತ್ರ: ಮೀನು ಜಾಸ್ತಿ ಮಾಡೋದು. ಗುಂಪು ದೊಡ್ಡದಾದ್ರೆ ಒಬ್ಬನನ್ನೇ ಬೆನ್ನಟ್ಟೋಕಾಗಲ್ಲ, ಏಟು ಹಂಚಿಹೋಗುತ್ತೆ. ಒಂದು ಗಂಡಿಗೆ ನಾಲ್ಕಾದ್ರೂ ಹೆಣ್ಣು, ಒಂದೇ ಥರ ಬಣ್ಣದ ಗಂಡುಗಳು ಬೇಡ. ತನ್ನ ಬಣ್ಣದವನೇ ಮೊದಲ ಶತ್ರು ಅನ್ನೋದನ್ನ ಹವಳದ ದಿಬ್ಬದ ಮೀನುಗಳಲ್ಲಿ ಗಮನಿಸಿ ಬರೆದವರು ಕೊನ್ರಾಡ್ ಲೊರೆನ್ಜ್, 1963ರ ತಮ್ಮ ಪುಸ್ತಕದಲ್ಲಿ. ಆದ್ರೆ ಈ ಉಪಾಯ ಪುಕ್ಕಟೆ ಅಲ್ಲ. ಮೀನು ಹೆಚ್ಚಿದಷ್ಟೂ ಹೊಲಸು ಹೆಚ್ಚು. ಪ್ರತಿ ಭಾನುವಾರ ಮೂರನೇ ಒಂದು ಪಾಲು ನೀರು ಬದಲಾಯಿಸೋಕೆ ಬಕೆಟ್ ಹೊರೋದು ಈ ಬಡಪಾಯಿಯ ಪಾಲಿಗೆ.

ಹಾಗಂತ ಆರಾಟಸ್ ಸಾಧು ಆದನಾ? ಎಲ್ಲಿ ಬಂತು! ಈಗಲೂ ಅಟ್ಟಿಸಿಕೊಂಡು ಹೋಗ್ತಾನೆ. ಆದ್ರೆ ಕಲ್ಲಿನ ತಿರುವಲ್ಲಿ ಎದುರಾಳಿ ಮರೆಯಾದ ಕೂಡ್ಲೆ ಯಾಕೆ ಓಡ್ತಿದ್ದೆ ಅನ್ನೋದನ್ನೇ ಮರೆತವನ ಥರ ನಿಂತುಬಿಡ್ತಾನೆ. ನಾವು ಬದಲಾಯಿಸಿದ್ದು ಅವನ ಗುಣವನ್ನಲ್ಲ, ಜಾಗವನ್ನ. ಹಳದಿಯ ಬಾಲ ಪೂರ್ತಿ ಬೆಳೆದಿದೆ, ಊಟಕ್ಕೆ ಈಗ ಅದೇ ಮೊದಲು.

ಅಂದ ಹಾಗೆ, ನಮ್ಮ ದಕ್ಷಿಣ ಕನ್ನಡದ ಹೊಳೆಗಳಲ್ಲೂ ಒಂದು ಸಿಕ್ಲಿಡ್ ಇದೆ, ಎಟ್ರೋಪ್ಲಸ್ ಕೆನರೆನ್ಸಿಸ್, ಹೆಸರಲ್ಲೇ ಕೆನರಾ. ಆ ಕಡೆಯವರು ಯಾರಾದ್ರೂ ಅದನ್ನ ಸಾಕಿದ್ರೆ ಹೇಳಿ, ಅದೂ ಹೀಗೇ ಬದುವಿಗೆ ಜಗಳ ಆಡುತ್ತಾ?