ಪರದೇಶದಲ್ಲಿ ಚೊಚ್ಚಲ ಹೆರಿಗೆ

ಚೊಚ್ಚಲ ಹೆರಿಗೆಯು ತವರಿನಲ್ಲಿಯೇ ಆಗಬೇಕೆಂಬುದು ನಮ್ಮ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಏಳನೆಯ ತಿಂಗಳಿನಲ್ಲಿ ಮಡಿಲು ತುಂಬಿ, ಹಸಿರು ಬಳೆ ತೊಡಿಸಿ, ಮಗಳನ್ನು ಮನೆಗೆ ಕರೆತರುವುದು ತಂದೆತಾಯಿಗಳ ಹಕ್ಕೂ ಹೌದು, ಋಣವೂ ಹೌದು. ಆದುದರಿಂದ 2023ರ ಮಳೆಗಾಲದಲ್ಲಿ ಲಂಡನ್ನಿನಲ್ಲಿದ್ದ ನಮ್ಮ ಮಗಳು ತಾನು ಗರ್ಭಿಣಿಯೆಂಬ ಶುಭವಾರ್ತೆಯನ್ನು ದೂರವಾಣಿಯಲ್ಲಿ ತಿಳಿಸಿದಾಗ, ನಾವು ಮಾಡಿದ ಮೊದಲ ಕೆಲಸವೆಂದರೆ ಪಂಚಾಂಗವನ್ನು ತೆಗೆದು ತಿಂಗಳುಗಳನ್ನು ಎಣಿಸಿದ್ದು. ಚಾಮರಾಜಪೇಟೆಯ ನಮ್ಮ ಮನೆಯ ಹಿಂಬದಿಯ ಕೋಣೆಗೆ ಸುಣ್ಣ ಬಳಿಸುವುದನ್ನೂ ಅಂದೇ ನಿಶ್ಚಯಿಸಿಬಿಟ್ಟೆವು.

ಮಗಳು, "ಅಪ್ಪಾಜಿ, ನಾನು ಬರುವುದಿಲ್ಲ, ಇಲ್ಲಿಯೇ ಹೆರಿಗೆ ಮಾಡಿಸಿಕೊಳ್ಳುತ್ತೇನೆ" ಎಂದಳು. ಅವಳು ಕೊಟ್ಟ ಕಾರಣಗಳು ಸಣ್ಣವೇನೂ ಆಗಿರಲಿಲ್ಲ. ಇಪ್ಪತ್ತೆಂಟು ವಾರ ಕಳೆದ ಗರ್ಭಿಣಿಯಿಂದ ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ವೈದ್ಯರ ಪತ್ರವನ್ನು ಕೇಳುತ್ತವೆ. ಮೂವತ್ತಾರು ವಾರಗಳಾದ ಮೇಲೆ ಬಹುತೇಕ ಹತ್ತಿಸಿಕೊಳ್ಳುವುದೇ ಇಲ್ಲ. ವೀಸಾದ ಜೊತೆಯಲ್ಲಿಯೇ ಆರೋಗ್ಯದ ಶುಲ್ಕವನ್ನು ಮುಂಗಡವಾಗಿ ಕಟ್ಟಿಸಿಕೊಂಡಿರುವ ಆ ದೇಶದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಪ್ರತ್ಯೇಕ ಹಣ ತೆರಬೇಕಾಗಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅವಳು ಇಲ್ಲಿಗೆ ಬಂದರೆ ಅಳಿಯಂದಿರು ಅಲ್ಲಿಯೇ ಉಳಿಯಬೇಕು. "ಮಗು ಹುಟ್ಟುವಾಗ ಅವರು ನನ್ನ ಪಕ್ಕದಲ್ಲಿರಬೇಕು" ಎಂದು ಅವಳು ಹೇಳಿದ ಮಾತು ನಮಗೆ ಆಗ ಪರದೇಶದ ಗಾಳಿಯ ಮಾತಾಗಿಯೇ ಕೇಳಿಸಿತು.

ನಾವು ಕೋಪಿಸಿಕೊಂಡೆವು. ಸಿದ್ಧಗಂಗೆಯ ಪಾಠಶಾಲೆಯಲ್ಲಿ ಕಲಿತು ನಾಲ್ಕು ಜನರಿಗೆ ಆಚಾರವನ್ನು ಹೇಳುವ ಮನೆಯಲ್ಲಿಯೇ ಹೀಗಾದರೆ ಉಳಿದವರ ಪಾಡೇನು ಎಂದೆಲ್ಲ ಆಡಿದೆವು. ಹದಿನೈದು ದಿನ ಮಗಳೊಂದಿಗೆ ಮಾತು ನಿಂತಿತು. ಹದಿನಾರನೆಯ ದಿನ, ಊಟಕ್ಕೆ ಬಡಿಸುತ್ತಿದ್ದ ನಮ್ಮ ಮನೆಯವರು ಸೌಟನ್ನು ಕೆಳಗಿಟ್ಟು, "ತವರಿಗೆ ಹೋಗಿ ನಾನು ಕಂಡದ್ದೇನು?" ಎಂದು ಕೇಳಿದರು. ಅಷ್ಟೇ. ಮೂವತ್ತೈದು ವರ್ಷಗಳಲ್ಲಿ ಆ ತಾಯಿ ಆ ವಿಷಯವನ್ನು ಎತ್ತಿದ್ದು ಅದೇ ಮೊದಲು.

ಓದುಗ ಶರಣ ಬಂಧುಗಳಿಗೆ ಇದನ್ನು ಹೇಳಲೇಬೇಕಾಗಿದೆ. 1988ರಲ್ಲಿ ಅವರು ಚೊಚ್ಚಲು ಗರ್ಭಿಣಿಯಾಗಿದ್ದಾಗ, ಪದ್ಧತಿ ತಪ್ಪಬಾರದೆಂದು ನಾವೇ ಹಟ ಹಿಡಿದು ತುಮಕೂರು ಸೀಮೆಯ ಅವರ ತವರಿಗೆ ಬಸ್ಸಿನಲ್ಲಿ ಕಳುಹಿಸಿದ್ದೆವು. ಆಗ ನಮ್ಮ ಮನೆಯಿಂದ ಕಾಲ್ನಡಿಗೆಯ ದೂರದಲ್ಲಿ, 1935ರಿಂದ ಸಾವಿರಾರು ತಾಯಂದಿರನ್ನು ಕಾಪಾಡಿದ ವಾಣಿವಿಲಾಸ ಆಸ್ಪತ್ರೆ ಇತ್ತು. ಆ ಊರಿಗಾದರೋ ದಿನಕ್ಕೆ ಎರಡು ಬಸ್ಸು. ನೋವು ತಿಂಗಳು ತುಂಬುವ ಮೊದಲೇ, ಮಳೆಯ ರಾತ್ರಿಯಲ್ಲಿ ಬಂದಿತು. ಗಂಡು ಮಗು. ಊರಿನ ಅಯ್ಯನವರು ಲಿಂಗ ಕಟ್ಟಿದರು. ಎರಡು ದಿನ ಇತ್ತು. ತಂತಿ ತಲುಪಿ ನಾವು ಹೋಗುವ ವೇಳೆಗೆ ಮಣ್ಣು ಮಾಡಿ ಆಗಿತ್ತು. ಎರಡು ವರ್ಷಗಳ ಅನಂತರ ಹುಟ್ಟಿದ ಮಗಳ ಹೆರಿಗೆ ವಾಣಿವಿಲಾಸದಲ್ಲಿಯೇ ಆಯಿತು; ತವರಿನ ಮಾತನ್ನು ಯಾರೂ ಎತ್ತಲಿಲ್ಲ. ಆ ಮಗಳಿಗೇ ಈಗ ನಾವು ತವರಿನ ಮಾತನ್ನು ಹೇಳುತ್ತಿದ್ದೆವು.

ಅಂದು ರಾತ್ರಿಯೇ ಮಗಳಿಗೆ ದೂರವಾಣಿ ಮಾಡಿ, "ಅಮ್ಮನೇ ಅಲ್ಲಿಗೆ ಬರುತ್ತಾಳೆ" ಎಂದೆವು. ಬಸುರಿಯು ಪದ್ಧತಿಯ ಬಳಿಗೆ ಬರಲಾರದಿದ್ದರೆ ಪದ್ಧತಿಯೇ ಬಸುರಿಯ ಬಳಿಗೆ ಹೋಗತಕ್ಕದ್ದು ಎಂಬುದು ನಮಗೆ ಹೊಳೆದದ್ದು ಹೀಗೆ, ಬಹಳ ತಡವಾಗಿ.

ಆದರೆ ಇನ್ನೊಂದು ತೊಡಕು ಉಳಿದಿತ್ತು. ಗರ್ಭಕ್ಕೆ ಎಂಟು ತಿಂಗಳಾದಾಗ ಗುರುವು ಬಂದು, ಒಳಗಿರುವ ಶಿಶುವಿಗಾಗಿ ತಾಯಿಗೆ ಪುಟ್ಟ ಲಿಂಗವನ್ನು ಕಟ್ಟುವುದು ನಮ್ಮಲ್ಲಿ ನಡೆದುಬಂದ ಸಂಸ್ಕಾರ. ಹುಟ್ಟುವ ಮುನ್ನವೇ ಕೂಸು ಲಿಂಗವಂತನಾಗಬೇಕೆಂಬುದು ಅದರ ಅಭಿಪ್ರಾಯ. ಲಂಡನ್ನಿನಲ್ಲಿ ಅಯ್ಯನವರನ್ನು ಎಲ್ಲಿಂದ ತರುವುದು? ದೂರವಾಣಿಯ ಪರದೆಯ ಮೇಲೆಯೇ ಮಂತ್ರ ಹೇಳಿಬಿಡಿ ಎಂದು ಅಳಿಯಂದಿರು ಸೂಚಿಸಿದರು. ನಮಗೆ ಒಪ್ಪಿಗೆಯಾಗಲಿಲ್ಲ, ಇಂದಿಗೂ ಇಲ್ಲ. ದೀಕ್ಷೆಯಲ್ಲಿ ಹಸ್ತ ಮಸ್ತಕ ಸಂಯೋಗವೆಂದು ಹಿರಿಯರು ಕರೆದದ್ದು ಬರಿಯ ಅಲಂಕಾರದ ಮಾತಲ್ಲ. ಕೈ ಮುಟ್ಟಬೇಕು. ಹಾಗಾದರೆ ಯಾರ ಕೈ? ಬಹಳ ಯೋಚಿಸಿ, ಚಿಕ್ಕಪೇಟೆಯಲ್ಲಿ ಬೆಳ್ಳಿಯ ಸಣ್ಣ ಕರಡಿಗೆಯನ್ನು ಮಾಡಿಸಿ, ಗುರುಗಳಿಂದ ಲಿಂಗವನ್ನು ಪಡೆದು, ಮೂರು ಸೋಮವಾರ ನಮ್ಮ ಕರಸ್ಥಲದಲ್ಲಿಟ್ಟು ಪೂಜಿಸಿ, ನಮ್ಮ ಮನೆಯವರ ಅಂಗೈಗೆ ಕೊಟ್ಟೆವು. "ನಾನು ಕಟ್ಟಬಹುದೇ?" ಎಂದು ಅವರು ಕೇಳಿದರು. ಹೆಣ್ಣಿಗೂ ಇಷ್ಟಲಿಂಗವನ್ನು ಕೊಟ್ಟ ಧರ್ಮದಲ್ಲಿ, ನಲವತ್ತು ವರ್ಷ ತಪ್ಪದೆ ಪೂಜೆ ಮಾಡಿದ ಕೈಗೆ ಆ ಅಧಿಕಾರವಿಲ್ಲವೆಂದು ಹೇಳಲು ನಮಗೆ ಯಾವ ಬಾಯಿ? ಈ ವಿಷಯದಲ್ಲಿ ನಮ್ಮನ್ನು ಒಪ್ಪದ ಪಂಡಿತರು ಇರಬಹುದು. ಇರಲಿ.

2023ರ ಡಿಸೆಂಬರಿನಲ್ಲಿ ಅವರು ಹೊರಟರು. ಅವೆನ್ಯೂ ರಸ್ತೆಯ ಬದಿಯ ಗ್ರಂಥಿಗೆ ಅಂಗಡಿಯಿಂದ ಬಾಣಂತಿಯ ಸಾಮಾನೆಲ್ಲ ಬಂದಿತ್ತು: ಶುಂಠಿ, ಹಿಪ್ಪಲಿ, ಓಂಕಾಳು, ಅಂಟು, ಬಜೆ. ಇವುಗಳಲ್ಲಿ ಬಜೆಯನ್ನು ಅಳಿಯಂದಿರು ಕೂಸಿಗೆ ತೇಯಲು ಬಿಡಲಿಲ್ಲ. ಅದರಲ್ಲಿರುವ ಒಂದು ಅಂಶ ಇಲಿಗಳಲ್ಲಿ ಗೆಡ್ಡೆಯನ್ನು ಉಂಟುಮಾಡಿತೆಂಬ ಕಾರಣದಿಂದ ಅಮೆರಿಕದ ಸರ್ಕಾರವು 1968ರಲ್ಲಿಯೇ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದೆಯೆಂದು ಅವರು ತೋರಿಸಿದರು. ಹುಟ್ಟಿದ ಮಗುವಿನ ನಾಲಗೆಗೆ ಜೇನು ಸವರುವುದೂ ಬೇಡವಾಯಿತು. ವರ್ಷ ತುಂಬದ ಮಕ್ಕಳಿಗೆ ಜೇನಿನಿಂದ ನರಗಳನ್ನು ಹಿಡಿಯುವ ಒಂದು ವಿಷಬಾಧೆ ತಗಲಬಹುದೆಂದು ವೈದ್ಯರು ಹೇಳುತ್ತಾರೆ. ಈ ಎರಡನ್ನು ನಮ್ಮ ಮನೆಗಳ ಹಿರಿಯ ತಾಯಂದಿರು ಗಮನಿಸುವುದು ಒಳ್ಳೆಯದು. ಉಳಿದ ಸಾಮಾನಿನಿಂದ ಅಂಟಿನುಂಡೆಯಾಯಿತು. ಅದನ್ನು ಅಳಿಯಂದಿರೇ ಹೆಚ್ಚು ತಿಂದರೆಂದು ಕೇಳಿದೆವು.

ಎಂಟನೆಯ ತಿಂಗಳಿನ ಒಂದು ಸೋಮವಾರ ನಮ್ಮ ಮನೆಯವರು ಮಗಳಿಗೆ ಲಿಂಗ ಕಟ್ಟಿದರು. ಆ ಮಧ್ಯಾಹ್ನ ಮೂವರೂ ಥೇಮ್ಸ್ ನದಿಯ ದಂಡೆಗೆ ಹೋಗಿ, ಅಲ್ಲಿರುವ ಬಸವಣ್ಣನವರ ಪ್ರತಿಮೆಗೆ ನಮಸ್ಕರಿಸಿ ಬಂದರಂತೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪಿತವಾದ ಆ ಪ್ರತಿಮೆಯನ್ನು ಪ್ರಧಾನಿ ನರೇಂದ್ರ ಮೋದಿಯವರು 2015ರ ನವೆಂಬರ್ 14ರಂದು ಅನಾವರಣ ಮಾಡಿದ್ದರು. ವಿಪರೀತ ಚಳಿ ಇತ್ತು, ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ ಎಂದು ನಮ್ಮ ಮನೆಯವರು ಹೇಳಿದರು.

ಆ ದೇಶದ ಸೂಲಗಿತ್ತಿಯರ ವಿಷಯವನ್ನು ಕೇಳಿ ನಮಗೆ ಆಶ್ಚರ್ಯವಾಯಿತು. ಸೂಲಗಿತ್ತಿಯೆಂದರೆ ಹಿಂದುಳಿದ ಹಳ್ಳಿಯ ವ್ಯವಸ್ಥೆಯೆಂದು ನಾವು ತಿಳಿದಿದ್ದೆವು. ಅಲ್ಲಿ 1902ರಲ್ಲಿಯೇ ಕಾನೂನು ಮಾಡಿ, ಸೂಲಗಿತ್ತಿಯರಿಗೆ ಶಿಕ್ಷಣವನ್ನೂ ನೋಂದಣಿಯನ್ನೂ ಕಡ್ಡಾಯಗೊಳಿಸುವ ಕ್ರಮವನ್ನು ಆರಂಭಿಸಿದರು. ತೊಡಕಿಲ್ಲದ ಹೆರಿಗೆಗಳನ್ನು ಇಂದಿಗೂ ಅವರೇ ಮಾಡಿಸುತ್ತಾರೆ. ಹೆರಿಗೆಯಾದ ಮೇಲೆ ಮನೆಗೂ ಬಂದು ನೋಡುತ್ತಾರೆ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮಿಗಿಲಾದ ಹೆರಿಗೆಗಳನ್ನು ಒಂದು ಕಾಸು ಪಡೆಯದೆ ಮಾಡಿಸಿದ ಮಹಾತಾಯಿ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರಂಥವರ ಕೈಗೆ ಪಾಠವನ್ನೂ ಔಷಧವನ್ನೂ ವೇಳೆಗೆ ಸರಿಯಾಗಿ ವಾಹನವನ್ನೂ ನಾವು ಕೊಟ್ಟಿದ್ದರೆ! 1988ರ ಆ ರಾತ್ರಿ ನಮ್ಮ ಮನೆಯವರ ಬಳಿ ಇದ್ದ ಮುದುಕಿಯೂ ಕೈಲಾದುದನ್ನೆಲ್ಲ ಮಾಡಿದ್ದಳು.

2024ರ ಫೆಬ್ರವರಿಯ ಒಂದು ಬೆಳಗಿನ ಜಾವ, ನಮ್ಮ ಗಡಿಯಾರದಲ್ಲಿ ಮೂರೂವರೆ, ಅಳಿಯಂದಿರ ಧ್ವನಿ ಕೇಳಿಸಿತು. "ಮಾವನವರೇ, ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ" ಎಂದರು. ಹತ್ತೊಂಬತ್ತು ಗಂಟೆಗಳ ಕಾಲ ಅವರು ಮಗಳ ಕೈಯನ್ನು ಬಿಟ್ಟಿರಲಿಲ್ಲವಂತೆ. ನಾವು ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತೆವು. ಬೆಳಿಗ್ಗೆ ಸಕ್ಕರೆ ಹಂಚಲು ಹೋದಾಗ ನಮ್ಮವರೇ ಆದ ನೆರೆಮನೆಯ ಯಜಮಾನರು, "ಸೂತಕದಲ್ಲಿ ಪೂಜೆ ಮಾಡಿದಿರಾ?" ಎಂದು ಕೇಳಿದರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಅಲ್ಲಗಳೆದು ಎಂಟುನೂರು ವರ್ಷಗಳು ಕಳೆದವು. ವೇದಿಕೆಯ ಮೇಲೆ ಇದನ್ನು ನಾವೆಲ್ಲರೂ ಹೇಳುತ್ತೇವೆ. ಮನೆಯಲ್ಲಿ ಮಾತ್ರ ಬಾಣಂತಿಯನ್ನು ಹತ್ತು ದಿನ ಮೂಲೆಯ ಕೋಣೆಯಲ್ಲಿಟ್ಟು, ಗಂಡನು ಹೊಸ್ತಿಲಿನಾಚೆ ನಿಂತು ನೋಡುವಂತೆ ಮಾಡುತ್ತೇವೆ. ನಮ್ಮ ಮಗಳು ಹುಟ್ಟಿದಾಗ ನಾವೂ ಹಾಗೆಯೇ ನಿಂತಿದ್ದೆವು.

ಮಗುವಿಗೆ ಲಿಂಗವನ್ನು ಕಟ್ಟುವಲ್ಲಿಯೂ ಒಂದು ಅಡಚಣೆ ಬಂದಿತು. ಕೂಸು ಮಲಗುವೆಡೆಯಲ್ಲಿ ದಾರ, ದಿಂಬು ಯಾವುದೂ ಇರಕೂಡದೆಂದು ಅಲ್ಲಿಯ ದಾದಿಯರ ಕಟ್ಟಪ್ಪಣೆ. ಕೊರಳಿಗೆ ಸುತ್ತಿಕೊಂಡರೆ ಪ್ರಾಣಕ್ಕೆ ಅಪಾಯ. ಶಿವದಾರವೂ ದಾರವೇ ತಾನೆ! ಹೀಗಾಗಿ ಕೂಸಿನ ಪರವಾಗಿ ಆ ಲಿಂಗವನ್ನು ಅಜ್ಜಿಯೇ ಧರಿಸಿದರು. ಆರು ತಿಂಗಳ ವೀಸಾ ಮುಗಿಯುವವರೆಗೆ ನಮ್ಮ ಮನೆಯವರ ಎದೆಯ ಮೇಲೆ ಎರಡು ಕರಡಿಗೆಗಳಿದ್ದವು. ಹೊರಡುವ ದಿನ ಚಿಕ್ಕದನ್ನು ಮಗಳ ಕೊರಳಿಗೆ ಹಾಕಿ ಬಂದರು.

ಕಾಗದಪತ್ರಗಳ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ಇಂಗ್ಲೆಂಡಿನಲ್ಲಿ ಜನನವನ್ನು ನಲವತ್ತೆರಡು ದಿನಗಳೊಳಗೆ ನೋಂದಾಯಿಸಬೇಕು. 1983ರಿಂದೀಚೆಗೆ ಅಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಆ ದೇಶದ ಪ್ರಜೆಯಾಗುವುದಿಲ್ಲ; ತಂದೆತಾಯಿಗಳಲ್ಲಿ ಒಬ್ಬರಾದರೂ ಅಲ್ಲಿಯ ಪ್ರಜೆಯಾಗಿರಬೇಕು, ಇಲ್ಲವೇ ಅಲ್ಲಿ ಕಾಯಂ ನೆಲೆಸಲು ಅನುಮತಿ ಪಡೆದಿರಬೇಕು. ನಮ್ಮ ಹೈಕಮಿಷನ್ ಕಚೇರಿಯಲ್ಲಿ ಒಂದು ವರ್ಷದೊಳಗೆ ನೋಂದಾಯಿಸಿದರೆ ಭಾರತದ ಪೌರತ್ವಕ್ಕೆ ತೊಡಕಿಲ್ಲ. ಅಳಿಯಂದಿರು ಎರಡನ್ನೂ ಮಾಡಿಸಿದರು.

ಅವರು ಮಾಡಿದ ಇನ್ನೊಂದು ಕೆಲಸವನ್ನು ನಾವು ದೂರವಾಣಿಯ ಪರದೆಯಲ್ಲಿ ಕಣ್ಣಾರೆ ಕಂಡೆವು. ಸ್ನಾನದ ಮನೆಯಲ್ಲಿ ಗೋಡೆಗೊರಗಿ ಕುಳಿತು, ಪಂಚೆ ಮಡಿಸಿ, ಕಾಲು ಚಾಚಿ, ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ಸವರಿ ನೀರು ಹಾಕುತ್ತಿದ್ದರು. ನಮ್ಮ ಮನೆಯವರು ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತು, ಕತ್ತಿನ ಕೆಳಗೆ ಕೈ ಕೊಡುವ ಬಗೆಯನ್ನು ಹೇಳಿಕೊಡುತ್ತಿದ್ದರು. ಎತ್ತಿಕೊಳ್ಳುವಾಗ ಅಳಿಯಂದಿರ ಕೈ ನಡುಗಿತು. ಕೂಸು ಮಾತ್ರ ಅಳಲಿಲ್ಲ.

ಆ ವರ್ಷದ ಕಾರ್ತಿಕ ಮಾಸದಲ್ಲಿ, ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಸರಿಯಾಗಿ, ಅವರೆಲ್ಲರೂ ಬಂದರು. ಹಿಂದಿನ ದಿನ ಅಟ್ಟವನ್ನು ಹತ್ತಿ ಹಳೆಯ ತೊಟ್ಟಿಲನ್ನು ಇಳಿಸಿದೆವು. 1988ರಲ್ಲಿ ನಮ್ಮ ಮನೆಯವರ ತವರಿನವರು ಹಲಸಿನ ಮರದಿಂದ ಮಾಡಿಸಿದ್ದ ತೊಟ್ಟಿಲದು. ಎರಡು ವರ್ಷ ಬರಿದಾಗಿದ್ದು, ಆಮೇಲೆ ಮಗಳನ್ನು ತೂಗಿತ್ತು. ಸರಪಣಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದವರು ನಾವೇ. ಒಂಬತ್ತು ತಿಂಗಳ ಮೊಮ್ಮಗಳಿಗೆ ಅದು ಆಗಲೇ ಚಿಕ್ಕದಾಗಿತ್ತು. ಪಾದಗಳು ತುದಿಯ ಪಟ್ಟಿಗೆ ತಾಗುತ್ತಿದ್ದವು. ಆದರೂ ಅವಳು ಅದರಲ್ಲಿಯೇ ಮಲಗಿದಳು. ನಮ್ಮ ಮನೆಯವರು ಎದ್ದು ಹೋಗದೆ ಬಹಳ ಹೊತ್ತು ತೂಗುತ್ತ ಕುಳಿತಿದ್ದರು.